ಕೂಸಿನ ಚಡ್ಡಿಗೂ ಪೇಟೆಂಟು, ಕಾರ್ಖಾನೆಯ ಯಂತ್ರಕ್ಕೂ ಪೇಟೆಂಟು

ಪೇಟೆಂಟು ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಔಷಧಿಯ ಶೀಶೆ. ಕಲಾ ವಿಭಾಗದವರಾದ ನಮಗೆ ಅದರ ಗೊಡವೆ ಏಕೆಂದು ಕೇಳುವವರೂ ಉಂಟು. ಆದರೆ ಮೂಲತಃ ಅದೊಂದು ಒಪ್ಪಂದ. ಹೊಸದನ್ನು ಕಂಡುಹಿಡಿದವನು ತನ್ನ ಗುಟ್ಟನ್ನು ಬರೆದು ಸರ್ಕಾರಕ್ಕೆ ಒಪ್ಪಿಸುತ್ತಾನೆ. ಮುಂದೆ ಅದನ್ನು ಯಾರು ಬೇಕಾದರೂ ಓದಬಹುದು. ಪ್ರತಿಯಾಗಿ, ಇತರರು ಅದನ್ನು ಮಾಡಿ ಮಾರದಂತೆ ತಡೆಯುವ ಹಕ್ಕು ಕೆಲವು ಕಾಲ ಅವನಿಗೆ ದೊರೆಯುತ್ತದೆ. ನಮ್ಮ 1970ರ ಕಾಯಿದೆಯ ಪ್ರಕಾರ ಈ ಅವಧಿ ಈಗ, ಅರ್ಜಿ ಸಲ್ಲಿಸಿದ ದಿನದಿಂದ, 20 ವರ್ಷ.

ಹೊಸದೆಂದರೆ ದೊಡ್ಡದೇ ಆಗಬೇಕೆಂದಿಲ್ಲ. ಅಮೆರಿಕದ ಮರಿಯನ್ ಡೊನೊವನ್ 1939ರಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮುಗಿಸಿದಾಕೆ; ನಮ್ಮ ಪೈಕಿಯವಳೇ ಎನ್ನಬಹುದು. ಎಳೆಗೂಸಿನ ಬಟ್ಟೆ, ಹಾಸಿಗೆ ಮತ್ತೆ ಮತ್ತೆ ಒದ್ದೆಯಾಗುವುದಕ್ಕೆ ಬೇಸತ್ತು, 1946ರಲ್ಲಿ ಬಚ್ಚಲುಮನೆಯ ಪರದೆಯನ್ನೇ ಕತ್ತರಿಸಿ ನೀರು ಸೋರದ ಮೇಲುಚಡ್ಡಿಯೊಂದನ್ನು ಹೊಲಿದಳು. ಮುಂದೆ ಅದಕ್ಕೆ ಪಿನ್ನಿನ ಬದಲು ಟಿಚ್ ಬಟನ್ ಹಾಕಿದಳು. ಕೂಸಿಗೆ ಚುಚ್ಚುವ ಭಯ ಹೋಯಿತು. ತಯಾರಕರಾರೂ ಇದನ್ನು ಬೇಕೆನ್ನಲಿಲ್ಲ. ತಾನೇ ಮಾಡಿಸಿ 1949ರಲ್ಲಿ ನ್ಯೂಯಾರ್ಕಿನಲ್ಲಿ ಮಾರಾಟಕ್ಕಿಟ್ಟಳು. 1951ರಲ್ಲಿ ಪೇಟೆಂಟು ಬಂದಿತು. ಹಕ್ಕು ಹತ್ತು ಲಕ್ಷ ಡಾಲರಿಗೆ ಮಾರಾಟವಾಯಿತು. ಇದನ್ನು ಬರಿಯ ಅದೃಷ್ಟವೆನ್ನಲು ನನಗೆ ಮನಸ್ಸಿಲ್ಲ. ಆಕೆಯ ತಂದೆಯೂ ಅವರ ಅವಳಿ ಸೋದರನೂ ಸೌತ್ ಬೆಂಡ್ ಲೇತ್ ಕಾರ್ಖಾನೆಯನ್ನು ಕಟ್ಟಿದವರು. ಆಕೆ ಅಲ್ಲಿಯೇ ಆಡಿ ಬೆಳೆದವಳು.

ಲೇತಿನ ಮಾತು ಬಂದಿತಷ್ಟೆ. ಮಿಷಿಗನ್ ಪ್ರಾಂತದ ಜಾನ್ ಪಾರ್ಸನ್ಸ್ ಕಾಲೇಜು ಪದವಿ ಪಡೆದವನಲ್ಲ. ಅವನ ಕಾರ್ಖಾನೆಯಲ್ಲಿ ಹೆಲಿಕಾಪ್ಟರಿನ ರೆಕ್ಕೆಗಳು ತಯಾರಾಗುತ್ತಿದ್ದವು. ರೆಕ್ಕೆಯ ಬಾಗು ಸರಿಯಾಗಿ ಬರಬೇಕಾದರೆ ಅಚ್ಚನ್ನು ಬಿಂದು ಬಿಂದುವಾಗಿ ಕೊರೆಯಬೇಕು. ಅವನೂ ಎಂಜಿನಿಯರ್ ಫ್ರಾಂಕ್ ಸ್ಟೂಲೆನ್ನೂ ಲೆಕ್ಕಪತ್ರಕ್ಕೆಂದಿದ್ದ ಪಂಚ್ ಕಾರ್ಡು ಯಂತ್ರದಿಂದ ಸುಮಾರು 200 ಬಿಂದುಗಳ ಅಳತೆ ತೆಗೆದರು. ಒಬ್ಬನು ಅಂಕಿಗಳನ್ನು ಗಟ್ಟಿಯಾಗಿ ಓದುವನು; ಒಬ್ಬನು ಉದ್ದದ ಹಿಡಿಯನ್ನೂ ಇನ್ನೊಬ್ಬನು ಅಡ್ಡದ ಹಿಡಿಯನ್ನೂ ಅಷ್ಟಷ್ಟೇ ತಿರುಗಿಸುವರು. ಈ ಮೂವರ ಕೆಲಸವನ್ನು ಕಾರ್ಡೂ ಮೋಟರೂ ಏಕೆ ಮಾಡಬಾರದು? ಪಾರ್ಸನ್ಸನ ತಲೆಗೆ ಹೊಳೆದದ್ದು ಇಷ್ಟೇ. ಅಮೆರಿಕದ ವಾಯುಪಡೆ 1949ರಲ್ಲಿ ಹಣ ಕೊಟ್ಟಿತು. ಎಂ.ಐ.ಟಿ. ಸಂಸ್ಥೆಯ ಪ್ರಯೋಗಶಾಲೆಯವರು 1952ರಲ್ಲಿ ಅಂಥ ಯಂತ್ರವನ್ನು ನಡೆಸಿ ತೋರಿಸಿದರು. ಪಾರ್ಸನ್ಸ್ ಮತ್ತು ಸ್ಟೂಲೆನ್ ಆ ವರ್ಷ ಮೇ 5ರಂದು ಪೇಟೆಂಟಿಗೆ ಅರ್ಜಿ ಹಾಕಿದರು. ಪ್ರಯೋಗಶಾಲೆಯವರು ಆಗಸ್ಟ್ 14ರಂದು ಬೇರೆಯೊಂದು ಅರ್ಜಿ ಹಾಕಿದರು. ಪಾರ್ಸನ್ಸನ ಪೇಟೆಂಟು 1958ರ ಜನವರಿ 14ರಂದು ಕೈಸೇರಿತು. ಇಂದಿನ ಸಿಎನ್‌ಸಿ ಯಂತ್ರಗಳ ವಂಶ ಇದೇ.

ಆ ಪೇಟೆಂಟಿನಲ್ಲಿರುವುದು ಎರಡೇ ಹೆಸರು. ಹಿಡಿ ತಿರುಗಿಸಿದವರ ಹೆಸರಿಲ್ಲ. ಕಾನೂನಿನ ದೃಷ್ಟಿಯಲ್ಲಿ ಇದು ಸರಿಯೇ, ಕೈಚಳಕಕ್ಕೆ ಪೇಟೆಂಟಿಲ್ಲ. ಟರ್ನರನ ಮಗನಾದ ನನಗೆ ಮಾತ್ರ ಇದು ಸುಲಭವಾಗಿ ನುಂಗುವ ಮಾತಲ್ಲ. ಏಳನೆಯ ತರಗತಿಗೆ ಓದು ಬಿಟ್ಟ ನಮ್ಮ ತಂದೆಯವರು ಸೊಟ್ಟ ಎರಕಗಳನ್ನು ಲೇತಿಗೆ ಬಿಗಿಯಾಗಿ ಕೂರಿಸಲು ಒಂದು ಹಿಡಿಕೆ ಮಾಡಿದ್ದರು. ಕೆಲವೇ ತಿಂಗಳಲ್ಲಿ ಅಕ್ಕಪಕ್ಕದ ಷೆಡ್ಡುಗಳಲ್ಲೆಲ್ಲ ಅದರ ನಕಲು ಬಂದಿತು. ಅರ್ಜಿಗೆ ಮೊದಲೇ ಹತ್ತು ಜನರ ಬಳಕೆಗೆ ಬಂದದ್ದು ಕಾಯಿದೆಯ ಕಣ್ಣಿನಲ್ಲಿ ಹೊಸದಲ್ಲ. ಆ ಬಾಗಿಲು ಮುಚ್ಚಿತು.

ಈಗ ಅವರು ಇನ್ನೊಂದು ಸಾಧನದ ಯೋಚನೆಯಲ್ಲಿದ್ದಾರೆ. ಕಾಯಿದೆಯಲ್ಲಿ ತಾತ್ಕಾಲಿಕ ಅರ್ಜಿಯೆಂಬ ಸೌಲಭ್ಯವುಂಟು. ಮೊದಲು ಸ್ಥೂಲ ವಿವರ ಕೊಟ್ಟು ದಿನಾಂಕ ಹಿಡಿದುಕೊಂಡು, 12 ತಿಂಗಳೊಳಗೆ ಪೂರ್ಣ ವಿವರ ಸಲ್ಲಿಸಬಹುದು. ಕರ್ನಾಟಕದವರಿಗೆ ಸಂಬಂಧಿಸಿದ ಕಚೇರಿ ಚೆನ್ನೈಯಲ್ಲಿದೆ. ಅಪ್ಪ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಅರ್ಜಿ ಹೋಗುವವರೆಗೆ ಆ ಸಾಧನವನ್ನು ಷೆಡ್ಡಿಗೆ ಒಯ್ಯಬಾರದೆಂದು ಮನೆಯಲ್ಲಿ ತೀರ್ಮಾನವಾಗಿದೆ.