ಕಾನ್‌ಗೆ ಯಾವ ಬಾಗಿಲಿಂದ?

ಮೇ ತಿಂಗಳು ಹತ್ತಿರ ಬಂತೆಂದರೆ ನಮ್ಮ ಮನೆಗೆ ನೆಂಟರ ಫೋನು ಜಾಸ್ತಿಯಾಗುತ್ತದೆ. ನಾವಿರುವುದು ದಕ್ಷಿಣ ಫ್ರಾನ್ಸಿನ ಆಂಟೀಬ್‌ನಲ್ಲಿ. ಅಲ್ಲಿಂದ ಕಾನ್‌ಗೆ ರೈಲು ಹತ್ತಿದರೆ ಕಾಲು ಗಂಟೆಯೂ ಬೇಡ. "ಫಿಲ್ಮ್ ಫೆಸ್ಟಿವಲ್‌ಗೆ ಟಿಕೆಟ್ ಎಷ್ಟು?" ಎನ್ನುವುದೇ ಎಲ್ಲರ ಮೊದಲ ಪ್ರಶ್ನೆ. ಮುಖ್ಯ ಉತ್ಸವಕ್ಕೆ ಟಿಕೆಟ್ ಮಾರುವುದೇ ಇಲ್ಲ ಎಂದರೆ ಯಾರೂ ನಂಬುವುದಿಲ್ಲ. ಬೆಂಗಳೂರಿನ ಚಿತ್ರೋತ್ಸವದಲ್ಲಾದರೆ ದುಡ್ಡು ಕಟ್ಟಿ ಪಾಸ್ ತಗೊಂಡು, ಬೆಳಿಗ್ಗೆಯಿಂದ ರಾತ್ರಿಯವರೆಗೆ ಥಿಯೇಟರಿನಿಂದ ಥಿಯೇಟರಿಗೆ ಓಡಾಡಬಹುದು. ಕಾನ್ ಹಾಗಲ್ಲ. ಅದು ಸಿನಿಮಾದವರು ಸಿನಿಮಾದವರಿಗಾಗಿ ನಡೆಸುವ ಉತ್ಸವ. ಕೊರಳಲ್ಲಿ ಬ್ಯಾಡ್ಜ್ ಇರಬೇಕು. ಪತ್ರಕರ್ತರ ಬ್ಯಾಡ್ಜಿನಲ್ಲೂ ಬಣ್ಣಗಳಿವೆ. ಯಾರು ಮೊದಲು ಒಳಗೆ, ಯಾರು ಬಿಸಿಲಲ್ಲಿ ಸಾಲಿನಲ್ಲಿ ಎನ್ನುವುದನ್ನು ಆ ಬಣ್ಣವೇ ತೀರ್ಮಾನಿಸುತ್ತದೆ.

ಹಾಗಂತ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಯಾವ ಬಾಗಿಲಿಗೆ ಹೋಗಬೇಕೆಂದು ಗೊತ್ತಿರಬೇಕು, ಅಷ್ಟೆ.

ಕಾನ್ ದೊಡ್ಡ ಊರೇನಲ್ಲ. ಎಪ್ಪತ್ತು ಸಾವಿರ ಚಿಲ್ಲರೆ ಜನ. 1834ರವರೆಗೆ ಇದೊಂದು ಮೀನುಗಾರರ ಹಳ್ಳಿ. ಆ ವರ್ಷ ಇಂಗ್ಲೆಂಡಿನ ಲಾರ್ಡ್ ಬ್ರೂಮ್ ಮಗಳ ಜೊತೆ ಇಟಲಿಗೆ ಹೊರಟಿದ್ದವನು, ಕಾಲರಾದ ಕಾರಣಕ್ಕೆ ಗಡಿ ಮುಚ್ಚಿದ್ದರಿಂದ ಇಲ್ಲಿ ಉಳಿದ. ಹವೆ ಹಿಡಿಸಿತು, ಬಂಗಲೆ ಕಟ್ಟಿಸಿದ. ಅವನ ಹಿಂದೆ ಮಿಕ್ಕ ಶ್ರೀಮಂತರು ಬಂದರು. ಕಡಲ ದಂಡೆಗುಂಟ ಇರುವ ಕ್ರುವಾಸೆಟ್ ಎಂಬ ರಸ್ತೆ, ಕಾರ್ಲ್‌ಟನ್, ಮಾರ್ಟಿನೆಸ್ ಹೋಟೆಲುಗಳು ಎಲ್ಲ ಆಮೇಲಿನವು. ಉತ್ಸವದ ಹೊತ್ತಿನಲ್ಲಿ ಆ ಹೋಟೆಲುಗಳ ಬಾಡಿಗೆ ವಿಚಾರಿಸುವುದೂ ದಂಡ. ಆಂಟೀಬ್‌ನಲ್ಲೋ ನೀಸ್‌ನಲ್ಲೋ ಇಳಿದುಕೊಂಡು ರೈಲಿನಲ್ಲಿ ಬನ್ನಿ.

2024ರಲ್ಲಿ ನಮ್ಮತ್ತೆ ಮೈಸೂರಿಂದ ಬಂದಿದ್ದರು. ಅವರಿಗೆ ಐಶ್ವರ್ಯಾ ರೈಯನ್ನು ನೋಡಬೇಕಿತ್ತು. 2002ರಲ್ಲಿ 'ದೇವದಾಸ್' ತಂಡದ ಜೊತೆ ಆಕೆ ಸಾರೋಟಿನಲ್ಲಿ ಬಂದಿಳಿದ ಫೋಟೋ ಅವರಿಗೆ ಇನ್ನೂ ನೆನಪಿದೆ. "ಮಂಗಳೂರು ಕಡೆ ಹುಡುಗಿ ಕಣೇ, ನಮ್ಮೋರು," ಎನ್ನುವುದು ಅವರ ಹಕ್ಕಿನ ಮಾತು. ಕರಕೊಂಡು ಹೋದೆ.

ಕೆಂಪು ಹಾಸಿನ ಮೆಟ್ಟಿಲುಗಳಿರುವ 'ಪಲೇ ದೆ ಫೆಸ್ಟಿವಲ್' ಕಟ್ಟಡ ಕಂಡು ಅತ್ತೆಗೆ ನಿರಾಸೆಯಾಯಿತು. ಅವರ ತಪ್ಪಲ್ಲ. 1982ರ ಈ ಕಾಂಕ್ರೀಟ್ ಕಟ್ಟಡವನ್ನು ಊರಿನವರೇ 'ಬಂಕರ್' ಎಂದು ಹಂಗಿಸುತ್ತಾರೆ. ಮೆಟ್ಟಿಲು ಇಪ್ಪತ್ತನಾಲ್ಕು. ಎದುರಿನ ಕಟಕಟೆಗೆ ಹತ್ತಾರು ಅಲ್ಯೂಮಿನಿಯಂ ಏಣಿಗಳನ್ನು ಸರಪಳಿ ಹಾಕಿ ಬೀಗ ಜಡಿದಿರುತ್ತಾರೆ. ಉತ್ಸವ ಶುರುವಾಗುವ ಮೊದಲೇ ಬಂದು ಏಣಿ ಕಟ್ಟಿ ಜಾಗ ಹಿಡಿಯುವ ಅಭಿಮಾನಿಗಳಿವರು. ಹೆಚ್ಚಿನವರು ವಯಸ್ಸಾದವರು, ವರ್ಷ ವರ್ಷವೂ ಬರುವವರು, ಪರಸ್ಪರ ಮನೆಮಂದಿಯ ಕ್ಷೇಮ ವಿಚಾರಿಸುವವರು. ನಡುವೆ, ಸಂಜೆಯ ಉಡುಪಿನಲ್ಲಿ ಸಿಂಗರಿಸಿಕೊಂಡು "ಒಂದು ಆಹ್ವಾನ ಪತ್ರ ಕೊಡಿ" ಎಂದು ಬರೆದ ಕಾಗದ ಹಿಡಿದು ನಿಂತ ಹುಡುಗ ಹುಡುಗಿಯರು. ಸಂಜೆಯ ಗಾಲಾ ಪ್ರದರ್ಶನಕ್ಕೆ ಗಂಡಸರು ಬೋ ಟೈ ಕಟ್ಟುವಂಥ ಔಪಚಾರಿಕ ಉಡುಪಿನಲ್ಲೇ ಬರಬೇಕು, ಇಲ್ಲದಿದ್ದರೆ ಆಹ್ವಾನವಿದ್ದರೂ ವಾಪಸ್ಸು. ಆ ಹಾಸಿನ ಮೇಲೆ ಸೆಲ್ಫಿ ತೆಗೆಯುವುದನ್ನೂ 2018ರಲ್ಲಿ ನಿಷೇಧಿಸಿದ್ದಾರೆ.

2024ರ ಆ ಉತ್ಸವಕ್ಕೆ ಐಶ್ವರ್ಯಾ ಕೈಗೆ ಪ್ಲಾಸ್ಟರ್ ಹಾಕಿಕೊಂಡೇ ಬಂದಿದ್ದರು. ನಮಗೆ ಕಂಡಿದ್ದು ಛತ್ರಿಗಳು, ಬೆನ್ನುಗಳು ಮತ್ತು ಒಬ್ಬನ ಏಣಿ. ಆಕೆ ಹೇಗೆ ಬಂದರು, ಏನು ಉಟ್ಟಿದ್ದರು ಎನ್ನುವುದನ್ನು ಅತ್ತೆ ನೋಡಿದ್ದು ಮೈಸೂರಿಂದ ನನ್ನ ನಾದಿನಿ ವಾಟ್ಸಾಪಿನಲ್ಲಿ ಕಳಿಸಿದ ವಿಡಿಯೋದಲ್ಲಿ.

ಮರುದಿನ ಬೇರೆ ಬಾಗಿಲು ಹಿಡಿದೆವು. 'ಡೈರೆಕ್ಟರ್ಸ್ ಫೋರ್ಟ್‌ನೈಟ್' ಎಂಬ ವಿಭಾಗಕ್ಕೆ ಜನಸಾಮಾನ್ಯರೂ ಟಿಕೆಟ್ ಕೊಳ್ಳಬಹುದು. 1968ರಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿ ಚಳವಳಿಗೆ ಬೆಂಬಲವಾಗಿ ಗೊದಾರ್, ತ್ರುಫೊ ಮುಂತಾದವರು ಉತ್ಸವವನ್ನೇ ನಿಲ್ಲಿಸಿದರಲ್ಲ, ಅದರ ಮರುವರ್ಷ ನಿರ್ದೇಶಕರ ಸಂಘ ಹುಟ್ಟುಹಾಕಿದ್ದು ಇದು. ಬೋ ಬೇಡ, ಸೀರೆಯಾದರೂ ಸೈ, ಚಪ್ಪಲಿಯಾದರೂ ಸೈ. ರಾತ್ರಿ 'ಸಿನೆಮಾ ದ ಲಾ ಪ್ಲಾಜ್', ಅಂದರೆ ಮರಳ ಮೇಲೆ ಪರದೆ ಕಟ್ಟಿ ತೋರಿಸುವ ಸಿನಿಮಾ. ಪೂರಾ ಪುಕ್ಕಟೆ. ಬೇಗ ಹೋಗಿ ಸಾಲಿನಲ್ಲಿ ನಿಂತರೆ ಕುರ್ಚಿ ಸಿಗುತ್ತದೆ. ಕತ್ತಲಾಗುವುದೇ ಒಂಬತ್ತರ ಮೇಲೆ, ಗಾಳಿ ಚಳಿ, ಶಾಲು ಇಟ್ಟುಕೊಳ್ಳಿ. ಹಗಲಲ್ಲಿ ಹಸಿವಾದರೆ ಫೋರ್‌ವಿಲ್ ಮಾರ್ಕೆಟ್ಟು. ಅಲ್ಲಿ ಕಡಲೆಹಿಟ್ಟಿನ 'ಸೊಕ್ಕಾ' ಸಿಕ್ಕಿದರೆ ಬಿಡಬೇಡಿ, ಸಸ್ಯಾಹಾರಿಗಳಿಗೆ ಅದೇ ಗತಿ. ಸೋಮವಾರ ಮಾತ್ರ ಅಲ್ಲಿ ತರಕಾರಿ ಇರುವುದಿಲ್ಲ, ಹಳೆ ಸಾಮಾನು ಮಾರುತ್ತಾರೆ.

ಕಾನ್ ಉತ್ಸವದ ಈ ಬೆಡಗಿನ ಬುಡದಲ್ಲಿರುವುದು ಒಂದು ರಾಜಕೀಯ ಜಗಳ ಎಂದರೆ ಅನೇಕರಿಗೆ ಆಶ್ಚರ್ಯ. 1938ರಲ್ಲಿ ವೆನಿಸ್ ಚಿತ್ರೋತ್ಸವ ಮುಸೊಲಿನಿಯ ಇಟಲಿಯ ಹಿಡಿತದಲ್ಲಿತ್ತು. ಹಿಟ್ಲರನ ಪ್ರಿಯ ನಿರ್ದೇಶಕಿ ಲೆನಿ ರೀಫೆನ್‌ಸ್ಟಾಲ್‌ಳ 'ಒಲಿಂಪಿಯಾ'ಕ್ಕೆ ಅಲ್ಲಿ ಬಹುಮಾನ ಕೊಡಿಸಿದರು. ಸಿಟ್ಟಾದ ಫ್ರಾನ್ಸ್ ತನ್ನದೇ ಉತ್ಸವಕ್ಕೆ ಹೊರಟಿತು. ಶಿಕ್ಷಣ ಸಚಿವ ಜಾನ್ ಜೇ ಅದರ ಬೆನ್ನಿಗೆ ನಿಂತ. 1939ರ ಸೆಪ್ಟೆಂಬರ್ 1ಕ್ಕೆ ಶುರುವಾಗಬೇಕಿತ್ತು. ಅದೇ ದಿನ ಹಿಟ್ಲರ್ ಪೋಲೆಂಡಿಗೆ ನುಗ್ಗಿದ. ಜಾನ್ ಜೇಯನ್ನು 1944ರಲ್ಲಿ ನಾಜಿಗಳ ಫ್ರೆಂಚ್ ಬೆಂಬಲಿಗರು ಕೊಂದರು. ತಾನು ಬಯಸಿದ್ದ ಉತ್ಸವವನ್ನು ಅವನು ನೋಡಲಿಲ್ಲ. ಅದು ನಡೆದದ್ದು 1946ರಲ್ಲಿ. ಅತ್ಯುನ್ನತ ಪ್ರಶಸ್ತಿ ಹಂಚಿಕೊಂಡ ಚಿತ್ರಗಳಲ್ಲಿ ಚೇತನ್ ಆನಂದರ 'ನೀಚಾ ನಗರ್' ಕೂಡ ಒಂದು.

ಕಾನ್‌ಗೆ ಇನ್ನೊಂದು ಬಾಗಿಲಿದೆ, ನಮ್ಮ ಪತ್ರಿಕೆಗಳನ್ನು ಓದುವವರಿಗೆ ಇದು ಗೊತ್ತಿರಬೇಕು. ಬಂಕರಿನ ನೆಲಮಾಳಿಗೆಯಲ್ಲಿ 'ಮಾರ್ಶೆ ದು ಫಿಲ್ಮ್' ಎಂಬ ಚಿತ್ರ ಮಾರುಕಟ್ಟೆ. 1959ರಿಂದ ಇದೆ, ಈಗ ಹತ್ತು ಸಾವಿರಕ್ಕೂ ಹೆಚ್ಚು ವ್ಯಾಪಾರಿಗಳು ಸೇರುತ್ತಾರೆ. ಇಲ್ಲಿ ಹಣ ಕಟ್ಟಿ ಪ್ರದರ್ಶನದ ಜಾಗ ಪಡೆಯಬಹುದು. ತಪ್ಪೇನಿಲ್ಲ, ಸಂತೆ ಇರುವುದೇ ಮಾರುವುದಕ್ಕೆ. ಆದರೆ "ಕಾನ್‌ನಲ್ಲಿ ನಮ್ಮ ಸಿನಿಮಾ" ಎಂಬ ಸುದ್ದಿ ಬಂದಾಗ ಆಯ್ಕೆಯಾದದ್ದೋ, ಬಾಡಿಗೆಗೆ ಹಿಡಿದದ್ದೋ ಎಂದು ಕೇಳದೆ ಚಪ್ಪಾಳೆ ತಟ್ಟಬಾರದು.

ಹಾಗೆ ಕೇಳಬೇಕಿಲ್ಲದ ಸುದ್ದಿಯೂ, ಅತ್ತೆ ಬಂದಿದ್ದ 2024ರ ಅದೇ ಮೇ ತಿಂಗಳಲ್ಲಿ ಬಂತು. ಮೈಸೂರಿನ ಚಿದಾನಂದ ಎಸ್. ನಾಯ್ಕ್, ವೈದ್ಯಕೀಯ ಓದಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದವರು, ಮಾಡಿದ ಕನ್ನಡ ಕಿರುಚಿತ್ರ 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ' ವಿದ್ಯಾರ್ಥಿಗಳ 'ಲಾ ಸಿನೆಫ್' ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದಿತು. ಜಗತ್ತಿನ ಫಿಲ್ಮ್ ಶಾಲೆಗಳಿಂದ ಬಂದಿದ್ದ 2,263 ಚಿತ್ರಗಳಲ್ಲಿ ಆಯ್ಕೆಯಾಗಿದ್ದವು 18. ಬಹುಮಾನ 15,000 ಯೂರೋ. ಹುರುಳಿಕಾಯಿ ಹೆಚ್ಚುತ್ತಿದ್ದ ಅತ್ತೆಗೆ ಕಥೆ ಹೇಳಿದೆ: ಮುದುಕಿಯೊಬ್ಬಳು ಊರಿನ ಹುಂಜ ಕದಿಯುತ್ತಾಳೆ, ಊರಿಗೆ ಬೆಳಗಾಗುವುದೇ ನಿಲ್ಲುತ್ತದೆ.

ಅತ್ತೆ ಚಾಕು ಕೆಳಗಿಟ್ಟರು, ಹುರುಳಿಕಾಯಿ ಅರ್ಧಕ್ಕೇ ನಿಂತಿತು. "ಅಯ್ಯೋ, ಇದು ನಮ್ಮ ಅಜ್ಜಿ ಕಥೆ ಕಣೇ! ನನ್ನ ಹುಂಜ ಕೂಗದಿದ್ರೆ ಬೆಳಗೇ ಆಗಲ್ಲ ಅಂತ ಜಂಬ ಮಾಡ್ತಾಳಲ್ಲ, ಅವಳದ್ದು. ಆದ್ರೆ ಅದ್ರಲ್ಲಿ ಬೆಳಗಾಗಿ ಅವಳ ಜಂಬ ಇಳಿಯುತ್ತೆ."

"ಇದ್ರಲ್ಲಿ ಆಗಲ್ಲ, ಅತ್ತೆ."

"ಹಾಗಾದ್ರೆ ಅವಳು ಹೇಳಿದ್ದೇ ನಿಜ ಅಂದ್ಹಾಗಾಯ್ತು," ಎಂದು ಸ್ವಲ್ಪ ಹೊತ್ತು ಯೋಚಿಸಿ, ಅದನ್ನು ಎಲ್ಲಿ ನೋಡೋಕೆ ಸಿಗುತ್ತೆ ವಿಚಾರಿಸು ಎಂದರು.