ಸಾಮಾನ್ಯರ ಕಾರಿಗೂ ಬಂತು ವಿಂಟೇಜ್ ಕಾಲ

ಮೊದಲ ನೋಂದಣಿಯಾಗಿ 50 ವರ್ಷ ತುಂಬಿದ, ಚಾಸಿ, ಬಾಡಿ ಮತ್ತು ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಕಾಣದೆ ಮೂಲರೂಪದಲ್ಲೇ ಉಳಿದ ವಾಹನವನ್ನು ಭಾರತದ ಕಾನೂನು ‘ವಿಂಟೇಜ್’ ಎಂದು ಗುರುತಿಸುತ್ತದೆ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ ಈ ವ್ಯಾಖ್ಯೆಯಲ್ಲಿ ವಯಸ್ಸಿನ ಲೆಕ್ಕವಿದೆಯೇ ಹೊರತು ಇಂಥದೇ ಇಸವಿ ಎಂಬ ಗಡಿಯಿಲ್ಲ. ಹಳೆಯ ಕಾರುಗಳ ಸಂಘಗಳು ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಕಾರುಗಳಿಗಷ್ಟೇ ಆ ಹೆಸರನ್ನು ಮೀಸಲಿಟ್ಟು ಬಂದಿದ್ದ ಕಾಲದಲ್ಲಿ ಅದು ಅರಮನೆಗಳ ಮತ್ತು ಸಿರಿವಂತ ಸಂಗ್ರಾಹಕರ ಸ್ವತ್ತಾಗಿತ್ತು. ವಯಸ್ಸೇ ಅಳತೆಗೋಲಾದ ಮೇಲೆ ಅದರ ವ್ಯಾಪ್ತಿ ವರ್ಷದಿಂದ ವರ್ಷಕ್ಕೆ ಮುಂದಕ್ಕೆ ಸರಿಯುತ್ತ, 1975ರಲ್ಲಿ ನೋಂದಣಿಯಾದ ಪದ್ಮಿನಿ ಅಥವಾ ಅಂಬಾಸಿಡರ್ ಕಾರು 2025ರಲ್ಲಿ ಈ ಪಂಕ್ತಿಗೆ ಬಂದು ಕೂತಿದೆ. ಬಳ್ಳಾರಿ ನಗರದ ವಕೀಲರ ಮನೆಯ ಷೆಡ್ಡಿನಲ್ಲಿಯೋ ಸಿರುಗುಪ್ಪದ ಕಡೆಯ ತೋಟದ ಮನೆಯಲ್ಲಿಯೋ ಕುರುಗೋಡಿನ ಹಳೆಯ ಗಿರಣಿಯ ಆವರಣದಲ್ಲಿಯೋ ನಿಂತಿರಬಹುದಾದ ಕಾರಿಗೆ ಈ ಬದಲಾವಣೆಯಿಂದ ಹೊಸ ಅರ್ಥ ಬಂದಿದೆ.

ಸೀಮಿತ ವರಮಾನದ ಒಂದು ಕುಟುಂಬ ಇಂಥ ಕಾರನ್ನು ಹುಡುಕಿ, ಕೊಂಡು, ದುರಸ್ತಿ ಮಾಡಿಸಿ ರಸ್ತೆಗಿಳಿಸುವುದು ಸಾಧ್ಯವಾದದ್ದು ಆಕಸ್ಮಿಕವಲ್ಲ. ಸ್ವಾತಂತ್ರ್ಯಾನಂತರದ ಕೈಗಾರಿಕಾ ನೀತಿ, ಬಳ್ಳಾರಿ ಸೀಮೆಯ ದುಡಿಮೆಯ ಇತಿಹಾಸ ಮತ್ತು ಈಚಿನ ಕಾನೂನು ಎಂಬ ಮೂರು ಎಳೆಗಳು ಸೇರಿ ಈ ಸ್ಥಿತಿ ರೂಪುಗೊಂಡಿದೆ. ಆ ಎಳೆಗಳನ್ನು ಬಿಡಿಸಿ ನೋಡಿದಾಗ, ಕಡಿಮೆ ಖರ್ಚಿನ ದಾರಿಯೂ ಪ್ರಾಮಾಣಿಕ ಸಂರಕ್ಷಣೆಯ ದಾರಿಯೂ ಬಹುಮಟ್ಟಿಗೆ ಒಂದೇ ಎಂಬುದು ಸ್ಪಷ್ಟವಾಗುತ್ತದೆ.

ಮೂರು ಕಾರ್ಖಾನೆಗಳ ದೇಶ

ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯಲ್ಲಿ ಕಾರು ಜೋಡಿಸುವ ಘಟಕ ತೆರೆದಿತ್ತು. ಫೋರ್ಡ್ ಕಂಪನಿಯೂ ಅದೇ ದಶಕದಲ್ಲಿ ಭಾರತಕ್ಕೆ ಬಂದಿತ್ತು. ಬಿಡಿಭಾಗಗಳನ್ನು ಹಡಗಿನಲ್ಲಿ ತರಿಸಿ ಇಲ್ಲಿ ಜೋಡಿಸುವುದಷ್ಟೇ ಇವುಗಳ ಕೆಲಸವಾಗಿದ್ದು, ದೇಶದೊಳಗೇ ಭಾಗಗಳನ್ನು ತಯಾರಿಸುವ ಯೋಜನೆಯುಳ್ಳ ಕಂಪನಿಗಳಿಗೆ ಮಾತ್ರ ಅವಕಾಶವಿರಬೇಕೆಂದು ಸುಂಕ ಆಯೋಗ 1953ರಲ್ಲಿ ಶಿಫಾರಸು ಮಾಡಿದ ನಂತರ ಎರಡೂ ಬಾಗಿಲು ಮುಚ್ಚಿದವು. ಕಾರಿನ ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಹೆಸರುಗಳು ಉಳಿದವು: 1942ರಲ್ಲಿ ಸ್ಥಾಪನೆಯಾಗಿ ಮುಂದೆ ಬಂಗಾಳದ ಉತ್ತರಪಾರಾದಲ್ಲಿ ನೆಲೆಯೂರಿದ ಹಿಂದುಸ್ತಾನ್ ಮೋಟಾರ್ಸ್, ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಸ್ಥಾಪಿಸಿದ ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ಮತ್ತು ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್. ಇವುಗಳ ಜೊತೆಗೆ ಮಹೀಂದ್ರ ಕಂಪನಿಯ ವಿಲ್ಲೀಸ್ ಮಾದರಿಯ ಜೀಪು ಹಳ್ಳಿಯ ಕಚ್ಚಾ ರಸ್ತೆಗಳನ್ನು ತನ್ನದಾಗಿಸಿಕೊಂಡಿತು.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿದ ಅಂಬಾಸಿಡರ್ 1950ರ ದಶಕದ ಕೊನೆಯಲ್ಲಿ ಬಂದು 2014ರವರೆಗೆ ತಯಾರಾಯಿತು. ಇಟಲಿಯ ಫಿಯಟ್ 1100ರ ವಂಶದ ಕಾರು 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆದು ಆ ಶತಮಾನದ ಅಂತ್ಯದವರೆಗೂ ಬಾಳಿತು. ಸ್ಟ್ಯಾಂಡರ್ಡ್ ಹೆರಾಲ್ಡ್ 1961ರಿಂದ ಸುಮಾರು ಒಂದು ದಶಕ ನಡೆಯಿತು. ಕಾರುಗಳ ಹಂಚಿಕೆಯನ್ನು ನಿಯಂತ್ರಿಸುವ ಆದೇಶ 1959ರಲ್ಲಿ ಜಾರಿಗೆ ಬಂದ ಮೇಲೆ ಕೊಳ್ಳುವವರು ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯುವುದು ರೂಢಿಯಾಯಿತು. ಗ್ರಾಹಕನಿಗೆ ಕಷ್ಟ ತಂದ ಆ ನೀತಿ ಇಂದಿನ ಹವ್ಯಾಸಿಗೆ ಉಪಕಾರ ಮಾಡಿದೆ: ದಶಕಗಳ ಕಾಲ ಹೆಚ್ಚು ಮಾರ್ಪಾಡಿಲ್ಲದೆ ಒಂದೇ ಮಾದರಿ ತಯಾರಾದ್ದರಿಂದ ಒಂದು ಕಾರಿನ ಅನೇಕ ಭಾಗಗಳು ಬೇರೊಂದು ವರ್ಷದ ಕಾರಿಗೂ ಹೊಂದುತ್ತವೆ, ಮತ್ತು ಮುಂಬಯಿಯ ಟ್ಯಾಕ್ಸಿಯಾಗಿ ಪದ್ಮಿನಿ 2023ರ ಅಕ್ಟೋಬರ್‌ವರೆಗೂ ಓಡುತ್ತಿದ್ದ ಕಾರಣ ಅದರ ಬಿಡಿಭಾಗಗಳ ವ್ಯಾಪಾರ ಬಹುಕಾಲ ಬತ್ತಲಿಲ್ಲ.

1983ರ ಡಿಸೆಂಬರ್‌ನಲ್ಲಿ ಸುಮಾರು 50,000 ರೂಪಾಯಿ ಬೆಲೆಗೆ ಮಾರುತಿ 800 ಬಂದಿತು. ಹಗುರವಾದ, ಪೆಟ್ರೋಲ್ ಉಳಿಸುವ ಆ ಕಾರಿನೆದುರು ಹಳೆಯ ಮಾದರಿಗಳ ಮರುಮಾರಾಟದ ಬೆಲೆ ಇಳಿಯುತ್ತ ಹೋಗಿ, ಎಷ್ಟೋ ಕಾರುಗಳು ಗುಜರಿಗೆ ಸೇರಿದವು; ಮಾರಲು ಮನಸ್ಸಾಗದ ಮನೆಗಳಲ್ಲಿ ಕೆಲವು ಹಾಗೆಯೇ ನಿಂತವು. ಇಂದು ದುರಸ್ತಿಗೆ ಸಿಗುವುದು ಹೀಗೆ ನಿಂತ ಕಾರುಗಳೇ.

ಬಳ್ಳಾರಿ ಸೀಮೆಯ ಪಾಲು

ಬಳ್ಳಾರಿ 1953ರ ಅಕ್ಟೋಬರ್‌ವರೆಗೆ ಮದ್ರಾಸ್ ರಾಜ್ಯದ ಜಿಲ್ಲೆಯಾಗಿತ್ತು. ಆ ವರ್ಷ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋಗಿ ಸಿರುಗುಪ್ಪ ಸೇರಿದಂತೆ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಬಂದಿತು. ಹತ್ತಿ ಮತ್ತು ಶೇಂಗಾ ವ್ಯಾಪಾರದ ಊರಾಗಿ, ದಂಡು ಪ್ರದೇಶವಾಗಿ ಬೆಳೆದಿದ್ದ ನಗರಕ್ಕೆ ಗುಂತಕಲ್ಲಿನ ಮೂಲಕ ಮದ್ರಾಸಿನ ರೈಲು ಸಂಪರ್ಕವಿತ್ತು. ಅದೇ ವರ್ಷ ತುಂಗಭದ್ರಾ ಅಣೆಕಟ್ಟಿನ ನೀರು ಹರಿಯತೊಡಗಿ, ಕಾಲುವೆಯ ಬಯಲಾದ ಸಿರುಗುಪ್ಪದಲ್ಲಿ ಭತ್ತದ ಗದ್ದೆಗಳೂ ಅಕ್ಕಿ ಗಿರಣಿಗಳೂ ಹೆಚ್ಚಿದವು. ಬೆಳೆಯನ್ನು ಸಾಗಿಸಲು ಲಾರಿ ಮತ್ತು ಟ್ರ್ಯಾಕ್ಟರುಗಳು ಬಂದವು. ಅವುಗಳ ಹಿಂದೆಯೇ ಗ್ಯಾರೇಜು, ವೆಲ್ಡಿಂಗ್ ಅಂಗಡಿ ಮತ್ತು ಲೇತ್ ಶಾಪುಗಳು, ಅಂದರೆ ಲೋಹದ ತುಂಡನ್ನು ತಿರುಗಿಸುತ್ತ ಕೊರೆದು ಬೇಕಾದ ಅಳತೆಗೆ ತರುವ ಯಂತ್ರದ ಕಾರ್ಯಾಗಾರಗಳು ನೆಲೆನಿಂತವು. ಸಂಡೂರು ಮತ್ತು ಹೊಸಪೇಟೆಯ ಸುತ್ತಲಿನ ಅದಿರು ಗಣಿಗಾರಿಕೆ ಈ ಕೆಲಸಕ್ಕೆ ಮತ್ತಷ್ಟು ಬೇಡಿಕೆ ತಂದಿತು.

2000ದ ನಂತರದ ಗಣಿ ಏರುಗಾಲದಲ್ಲಿ ದುಬಾರಿ ವಿದೇಶಿ ಕಾರುಗಳು ಬಳ್ಳಾರಿಯ ಹೆಸರಿನೊಡನೆ ತಳುಕು ಹಾಕಿಕೊಂಡು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯುವವರೆಗೂ ಸುದ್ದಿಯಲ್ಲಿದ್ದವು. ಆದರೆ ಹಳೆಯ ಕಾರನ್ನು ಉಳಿಸಲು ಬೇಕಾದ ನಿಜವಾದ ಸಂಪತ್ತು ಆ ಹಣವಲ್ಲ. ಲಾರಿಯ ಆಕ್ಸಲ್, ಗಿರಣಿಯ ಶಾಫ್ಟ್, ಟ್ರ್ಯಾಕ್ಟರಿನ ಪಂಪುಗಳನ್ನು ಸರಿಪಡಿಸುತ್ತ ತಲೆಮಾರಿನಿಂದ ಪಳಗಿದ ಕೈಗಳು. ಕಂಪನಿಯಿಂದ ಸಿಗದ ಬುಷ್ ಅಥವಾ ಪಿನ್ನನ್ನು ಹಳೆಯದರ ಅಳತೆ ಹಿಡಿದು ಹೊಸದಾಗಿ ಮಾಡಿಕೊಡಬಲ್ಲ ಲೇತ್ ಕೆಲಸಗಾರ ಊರಲ್ಲೇ ಇದ್ದರೆ ದುರಸ್ತಿಯ ವೆಚ್ಚ ಎಷ್ಟೋ ಪಟ್ಟು ತಗ್ಗುತ್ತದೆ.

ಮೊದಲು ಕಾಗದ

ದುರಸ್ತಿಗೆ ತಕ್ಕ ಕಾರಿನ ಸುಳಿವು ಜಾಹೀರಾತಿಗಿಂತ ಮುಂಚೆ ಗ್ಯಾರೇಜಿನ ಮೇಸ್ತ್ರಿಗೆ, ಟಿಂಕರಿಂಗ್ ಎಂದು ಕರೆಯುವ ತಗಡಿನ ಕೆಲಸದವನಿಗೆ ಮತ್ತು ಗುಜರಿ ವ್ಯಾಪಾರಿಗೆ ಸಿಗುತ್ತದೆ. ಓಡದೆ ನಿಂತಿದ್ದರೂ ಆಯುಧಪೂಜೆಯಂದು ಹೂವು ಏರಿಸಿಕೊಳ್ಳುವ ಕಾರನ್ನು ಕುಟುಂಬ ಅಪರಿಚಿತರಿಗೆ ಮಾರುವುದು ಕಡಿಮೆ. ಹಿರಿಯರ ನೆನಪನ್ನು ಗೌರವಿಸಿ ಸರಿಪಡಿಸುವವರು ಸಿಕ್ಕಿದರೆ ಬೆಲೆಯಲ್ಲಿ ಸಡಿಲಿಸುವುದೂ ಉಂಟು. ಆದ್ದರಿಂದ ಹುಡುಕಾಟಕ್ಕೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ಸಂಬಂಧ ಮತ್ತು ತಾಳ್ಮೆ.

ಕಾರು ಕಣ್ಣಿಗೆ ಬಿದ್ದಾಗ ಬಾನೆಟ್ ಎತ್ತುವ ಮೊದಲು ಆರ್‌ಸಿ ಬುಕ್ ಕೇಳಬೇಕು. ನೋಂದಣಿ ಪತ್ರದಲ್ಲಿರುವ ಚಾಸಿ ಮತ್ತು ಎಂಜಿನ್ ಸಂಖ್ಯೆಗಳು ಕಾರಿನ ಮೇಲೆ ಕೊರೆದಿರುವ ಸಂಖ್ಯೆಗಳೊಡನೆ ತಾಳೆಯಾಗದಿದ್ದರೆ ಎಷ್ಟೇ ಅಗ್ಗವಾದರೂ ಆ ಕಾರು ದುಬಾರಿಯೇ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ನಮೂನೆ 31ರಲ್ಲಿ ವರ್ಗಾಯಿಸಿಕೊಂಡ ನಂತರವೇ ಮಾರಾಟಕ್ಕೆ ನಮೂನೆ 29 ಮತ್ತು 30 ಸಲ್ಲಬೇಕು. ಗಡಿಯಾಚೆಯ ಆದೋನಿ, ಗುಂತಕಲ್, ರಾಯದುರ್ಗಗಳು ಬಳ್ಳಾರಿ ಮತ್ತು ಸಿರುಗುಪ್ಪಕ್ಕೆ ಹತ್ತಿರವಿರುವುದರಿಂದ ಆಂಧ್ರದ ಕಾರು ಸಿಗುವುದು ಸುಲಭ. ಆದರೆ ಅದಕ್ಕೆ ಅಲ್ಲಿನ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ಬೇಕು, ಕರ್ನಾಟಕದ ತೆರಿಗೆಯ ಲೆಕ್ಕವನ್ನೂ ಮೊದಲೇ ಕೇಳಿ ತಿಳಿದಿರಬೇಕು.

ಶುಲ್ಕಗಳನ್ನು ಆರಂಭದಲ್ಲೇ ಬಜೆಟ್ಟಿಗೆ ಸೇರಿಸುವುದು ಜಾಣತನ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ಬಳಿಕ ಐದೈದು ವರ್ಷಕ್ಕೆ ನವೀಕರಣವಾಗಬೇಕು. ಇದರ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿಗೂ, 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಿಂದ 10,000 ರೂಪಾಯಿಗೂ ಏರಿದೆ. ವಿಂಟೇಜ್ ನೋಂದಣಿಗೆ 20,000 ರೂಪಾಯಿ ತೆತ್ತರೆ 10 ವರ್ಷದ ಮಾನ್ಯತೆ ಸಿಗುತ್ತದೆ, ಅನಂತರದ ಮರುನೋಂದಣಿಗೆ 5,000 ರೂಪಾಯಿ. ಹೊಸದಾಗಿ ನೋಂದಾಯಿಸುವ ವಾಹನಕ್ಕೆ ‘ವಿಎ’ ಅಕ್ಷರಗಳುಳ್ಳ ಸಂಖ್ಯೆ ದೊರೆತರೆ, ಈಗಾಗಲೇ ನೋಂದಣಿಯಾಗಿರುವ ಕಾರು ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಆದರೆ ವಿಂಟೇಜ್ ಎನಿಸಿದ ಕಾರನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ; ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಇಂಧನ ಮತ್ತು ದುರಸ್ತಿಯ ಓಡಾಟಕ್ಕೆ ಮಾತ್ರ ಅನುಮತಿಯಿದೆ. ಕಾರಿನಿಂದ ದಿನವಹಿ ಉಪಯೋಗ ಬಯಸುವ ಕುಟುಂಬಕ್ಕೆ ಸಾಮಾನ್ಯ ನವೀಕರಣವೇ ಲೇಸು.

ತಗಡು ಮತ್ತು ಎಂಜಿನ್

ಅಂಬಾಸಿಡರ್ ಮತ್ತು ಪದ್ಮಿನಿಗಳಲ್ಲಿ ಭಾರ ಹೊರುವ ಪ್ರತ್ಯೇಕ ಚೌಕಟ್ಟಿಲ್ಲ. ಬಾಡಿಯ ತಗಡೇ ಒಟ್ಟಾಗಿ ಕಾರಿನ ಎಲುಬಿನ ಕೆಲಸ ಮಾಡುವ ಈ ರಚನೆಗೆ ಮಾನೊಕಾಕ್ ಎನ್ನುತ್ತಾರೆ. ಜೀಪು ಮತ್ತು ಹೆರಾಲ್ಡ್‌ಗಳಲ್ಲಾದರೆ ಕೆಳಗೆ ಬೇರೆಯೇ ಚಾಸಿ ಇದ್ದು, ಬಾಡಿಯನ್ನು ಕಳಚಿ ಸರಿಪಡಿಸಲು ಬರುತ್ತದೆ. ಮೊದಲ ಬಗೆಯ ಕಾರಿನಲ್ಲಿ ಬಾಗಿಲುಗಳ ಕೆಳಗಿನ ಅಂಚು, ಪಾದ ಊರುವ ಫ್ಲೋರ್ ಮತ್ತು ಡಿಕ್ಕಿಯ ತಳ ತುಕ್ಕು ಹಿಡಿದಿದ್ದರೆ ಅದು ಅಂದದ ದೋಷವಾಗಿ ಉಳಿಯದೆ ಕಾರಿನ ಬಲವನ್ನೇ ಕುಂದಿಸುತ್ತದೆ, ಮತ್ತು ದುರಸ್ತಿಯಲ್ಲಿ ಹೆಚ್ಚು ಕೂಲಿ ಬೇಡುವುದೂ ಈ ಕೆಲಸವೇ. ಹೊಳೆಯುವ ಬಣ್ಣದಡಿ ಪುಟ್ಟಿ ತುಂಬಿದ್ದರೆ ಅಲ್ಲಿ ಅಯಸ್ಕಾಂತ ಹಿಡಿಯುವುದಿಲ್ಲವಾದ್ದರಿಂದ, ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವೊಂದು ಕೊಳ್ಳುವವನ ಬಹು ಉಪಯುಕ್ತ ಸಾಧನ. ಮಳೆ ಕಡಿಮೆಯಾದ ಬಳ್ಳಾರಿ ನಗರದಲ್ಲಿ ಚಾವಣಿಯಡಿ ನಿಂತ ಕಾರು ಕರಾವಳಿಯ ಕಾರಿಗಿಂತ ತುಕ್ಕಿನಿಂದ ಪಾರಾಗಿರುವ ಸಂಭವ ಹೆಚ್ಚು. ಸಿರುಗುಪ್ಪದ ಗದ್ದೆಬಯಲಿನಲ್ಲಿ ಓಡಿದ ಕಾರಿನ ತಳಕ್ಕೆ ಅಂಟಿದ ಎರೆಮಣ್ಣು ತೇವ ಹಿಡಿದಿಟ್ಟಿರುತ್ತದೆಯಾದ್ದರಿಂದ ಅಡಿಭಾಗವನ್ನು ತೊಳೆಸಿಯೇ ಪರೀಕ್ಷಿಸಬೇಕು.

ಎಂಜಿನ್ ಕೆಟ್ಟು ನಿಂತಿರುವುದು ತಗಡು ಕೊಳೆತದ್ದಕ್ಕಿಂತ ಸಣ್ಣ ಕಷ್ಟ. ಅಂಬಾಸಿಡರಿನ 1489 ಸಿಸಿ ಮತ್ತು ಪದ್ಮಿನಿಯ 1089 ಸಿಸಿ ಎಂಜಿನ್‌ಗಳು ಸರಳ ರಚನೆಯವು. ಸವೆದ ಸಿಲಿಂಡರನ್ನು ತುಸು ಅಗಲವಾಗಿ ಕೊರೆದು, ಅಂದರೆ ಬೋರಿಂಗ್ ಮಾಡಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಕೂರಿಸುವುದು ಜಿಲ್ಲಾ ಕೇಂದ್ರಗಳಲ್ಲಿ ಆಗುವ ಕೆಲಸ. ಎರಡು ಹೊಸ ಸಂಗತಿಗಳನ್ನು ಮಾತ್ರ ನೆನಪಿಡಬೇಕು. ಹಳೆಯ ಪೆಟ್ರೋಲಿನಲ್ಲಿದ್ದ ಸೀಸ ವಾಲ್ವ್ ಕೂರುವ ಜಾಗವನ್ನು ಸವೆತದಿಂದ ಕಾಯುತ್ತಿತ್ತು. 2000ದಲ್ಲಿ ದೇಶಾದ್ಯಂತ ಸೀಸರಹಿತ ಪೆಟ್ರೋಲ್ ಬಂದ ಮೇಲೆ ಆ ರಕ್ಷಣೆ ಇಲ್ಲವಾದ್ದರಿಂದ, ಹೆಡ್ ಬಿಚ್ಚಿದಾಗ ಗಟ್ಟಿ ಲೋಹದ ಸೀಟುಗಳನ್ನು ಕೂರಿಸುವುದು ಒಳಿತು. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಬೆರೆಯುವುದರಿಂದ ಹಳೆಯ ರಬ್ಬರ್ ಕೊಳವೆಗಳನ್ನು ಎಥನಾಲ್ ತಾಳುವ ಕೊಳವೆಗಳಿಗೆ ಬದಲಿಸಬೇಕು. ಬ್ರೇಕ್, ಸ್ಟೀರಿಂಗ್ ಮತ್ತು ಟೈರುಗಳ ವಿಷಯದಲ್ಲಿ ಮಾತ್ರ ಯಾವ ಉಳಿತಾಯವೂ ಸಲ್ಲದು.

ಉಳಿಸುವುದೇ ಉಳಿತಾಯ

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ, 2012ರಲ್ಲಿ ರೂಪುಗೊಂಡ ಟ್ಯೂರಿನ್ ಸನ್ನದನ್ನು ತನ್ನ ಮಾರ್ಗಸೂಚಿಯಾಗಿ ಹೊಂದಿದೆ. ಇರುವುದನ್ನು ಕಾಪಾಡುವುದಕ್ಕೆ ಮೊದಲ ಮಾನ್ಯತೆ, ಕೆಟ್ಟದ್ದನ್ನು ಸರಿಪಡಿಸುವುದು ಅನಂತರ, ಎಲ್ಲವನ್ನೂ ಹೊಸದಾಗಿಸುವುದು ಅನಿವಾರ್ಯವಾದಾಗ ಮಾತ್ರ ಎಂಬುದು ಅದರ ತಿರುಳು. ಕುರುಗೋಡಿನಂಥ ಊರಿನಲ್ಲಿ ಜಾತ್ರೆಗೆ ಮುನ್ನ ತೇರನ್ನು ಪರೀಕ್ಷಿಸಿ, ಶಿಥಿಲವಾದ ಮರದ ತುಂಡನ್ನಷ್ಟೇ ಬದಲಿಸಿ, ಆಕಾರಕ್ಕೆ ಕೈಹಚ್ಚದೆ ಎಳೆಯುವ ಕ್ರಮದಲ್ಲಿ ಇರುವುದೂ ಇದೇ ವಿವೇಕ. ಮಾಸಿದರೂ ಗಟ್ಟಿಯಾಗಿರುವ ಮೂಲ ಬಣ್ಣವನ್ನು ಕೆರೆದು ಹೊಸ ಬಣ್ಣ ಹೊಡೆಸುವುದು, ಸೀಟುಗಳನ್ನು ಕಿತ್ತು ಹೊಸ ಮಾದರಿಯವನ್ನು ಹಾಕಿಸುವುದು, ಅಲಾಯ್ ಚಕ್ರ ಕೂರಿಸುವುದು ಮುಂತಾದ ದುಬಾರಿ ಕೆಲಸಗಳೇ ಕಾರಿನ ಚಾರಿತ್ರಿಕ ಮೌಲ್ಯವನ್ನು ಕುಗ್ಗಿಸುತ್ತವೆ.

ಇದೇ ಕಾರಣಕ್ಕೆ ಡೀಸೆಲ್ ಎಂಜಿನ್‌ಗೆ ಬದಲಾದ ಕಾರುಗಳ ಬಗ್ಗೆ ಎಚ್ಚರ ಬೇಕು. ಪೆಟ್ರೋಲಿನ ಬೆಲೆಗೆ ಹೆದರಿದ ಮಾಲೀಕರು ಅಂಬಾಸಿಡರ್, ಪದ್ಮಿನಿ ಮತ್ತು ಜೀಪುಗಳಿಗೆ ಬೇರೆ ವಾಹನದ ಡೀಸೆಲ್ ಎಂಜಿನ್ ಕೂರಿಸುವುದು ಒಂದು ಕಾಲದಲ್ಲಿ ಸಾಮಾನ್ಯವಾಗಿತ್ತು. ಇಂಥ ಕಾರು ಅಗ್ಗಕ್ಕೆ ಸಿಕ್ಕಿದರೂ ವಿಂಟೇಜ್ ಮಾನ್ಯತೆಗೆ ಅನರ್ಹವಾಗಬಹುದು. ಮೂಲ ಎಂಜಿನ್ ಹುಡುಕಿ ಮರಳಿ ಕೂರಿಸುವ ವೆಚ್ಚವನ್ನು ಕೊಳ್ಳುವ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಬಿಡಿಭಾಗಗಳಿಗೆ ಬೆಂಗಳೂರಿನ ಶಿವಾಜಿನಗರ, ಚೆನ್ನೈನ ಪುದುಪೇಟೆ, ಕೋಲ್ಕತ್ತದ ಮಲ್ಲಿಕ್ ಬಜಾರುಗಳಂಥ ಹಳೆಯ ಸಾಮಾನಿನ ಪೇಟೆಗಳಿವೆ. ಬೆಂಗಳೂರಿನಲ್ಲೇ 1980ರ ದಶಕದಲ್ಲಿ ತಯಾರಾದ, ಫೈಬರ್ ಬಾಡಿಯ ಸಿಪಾನಿ ಡಾಲ್ಫಿನ್ ಕೂಡ ಮುಂದಿನ ದಶಕದಲ್ಲಿ 50 ವರ್ಷ ಪೂರೈಸಲಿದ್ದು, ತುಕ್ಕು ಹಿಡಿಯದ ಬಾಡಿಯ ಆ ಕನ್ನಡನಾಡಿನ ಕಾರನ್ನು ಈಗಲೇ ಕಾಪಾಡುವುದು ಯೋಗ್ಯ.

ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿಯೂ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಶ್ರೀರಂಗಪಟ್ಟಣದ ಬಳಿ ರೂಪಿಸಿದ ‘ಪಯಣ’ದಲ್ಲಿಯೂ ಹಳೆಯ ಕಾರುಗಳು ಸಾರ್ವಜನಿಕ ಪರಂಪರೆಯಾಗಿ ನಿಂತಿವೆ. ಆದರೆ ಎಲ್ಲ ಕಾರುಗಳನ್ನೂ ಸಂಗ್ರಹಾಲಯಗಳು ಉಳಿಸಲಾರವು, ಉಳಿಸಬೇಕಾಗಿಯೂ ಇಲ್ಲ. ಕಾರ್ಬೊರೇಟರ್, ಅಂದರೆ ಪೆಟ್ರೋಲನ್ನು ಗಾಳಿಯೊಡನೆ ಹದವಾಗಿ ಬೆರೆಸುವ ಭಾಗವನ್ನು ಕಿವಿಯಿಂದಲೇ ಆಲಿಸಿ ಹೊಂದಿಸಬಲ್ಲ ಮೇಸ್ತ್ರಿಗಳು ಈಗ ವೃದ್ಧರಾಗುತ್ತಿದ್ದಾರೆ. ಹೊಸಬರು ಕಂಪ್ಯೂಟರ್ ಜೋಡಿಸಿ ದೋಷ ಹುಡುಕುವ ಕಾರುಗಳ ಮೇಲೆ ಕಲಿತವರು. ಐಟಿಐ ಓದುವ ತರುಣನೊಬ್ಬನನ್ನು ಅಂಥ ಮೇಸ್ತ್ರಿಯ ಪಕ್ಕ ನಿಲ್ಲಿಸಿಕೊಂಡು ನಡೆಯುವ ಒಂದು ದುರಸ್ತಿಯಿಂದ ಕಾರಿನ ಜೊತೆಗೆ ವಿದ್ಯೆಯೂ ಉಳಿಯುತ್ತದೆ. ಆದ್ದರಿಂದ ಕಡಿಮೆ ಬಜೆಟ್ಟಿನ ಕುಟುಂಬ ಸರಿಯಾದ ಕಾಗದವುಳ್ಳ, ತಗಡು ಗಟ್ಟಿಯಿರುವ, ಮೂಲ ಎಂಜಿನ್ ಉಳಿಸಿಕೊಂಡ ಸಾಮಾನ್ಯ ಕಾರೊಂದನ್ನು ಆರಿಸಿಕೊಂಡು, ಹೊಳಪಿಗೆ ಸುರಿಯಬಹುದಾದ ಹಣವನ್ನು ಬಳ್ಳಾರಿಯದೇ ಕುಶಲಕರ್ಮಿಯ ಕೂಲಿಗೆ ಕೊಟ್ಟು, ವರ್ಷಕ್ಕೊಂದಿಷ್ಟರಂತೆ ಕೆಲಸ ಮುಂದುವರಿಸುವುದು ತನಗೂ ಕಾರಿಗೂ ಸೀಮೆಗೂ ಮಾಡುವ ನ್ಯಾಯ.