ನೂರು ಬಸ್ ಬಿಟ್ಟ ದಂಟು

ವಿಷ ಸಿಂಪಡಿಸಿದರು. ಸಾಯಲಿಲ್ಲ. ಇನ್ನಷ್ಟು ಸಿಂಪಡಿಸಿದರು. ಊಹೂಂ! 2004ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಹತ್ತಿ ಹೊಲದಲ್ಲಿ ಹೀಗೆ ಸೆಟೆದು ನಿಂತ ಕಳೆ ಯಾವುದು ಗೊತ್ತೇ? ನಮ್ಮ ಹಿತ್ತಲ ದಂಟಿನ ಸೊಪ್ಪಿನ ದಾಯಾದಿ! ಹೆಸರು ಪಾಮರ್ ಅಮರಾಂತ್.

ಮೆಕ್ಸಿಕೊ ಗಡಿಯ ಮರುಭೂಮಿ ಇದರ ತವರು. ಅಲ್ಲಿನ ಮೂಲನಿವಾಸಿಗಳು ಇದರ ಎಲೆ ಬೇಯಿಸಿ, ಬೀಜ ಹುರಿದು ತಿನ್ನುತ್ತಿದ್ದರು. ಹೊಲಕ್ಕೆ ನುಗ್ಗಿದರೆ ಮಾತ್ರ ಇದು ರಾಕ್ಷಸ. ಬಿಸಿಲಿದ್ದರೆ ದಿನಕ್ಕೆ ಐದು ಸೆಂಟಿಮೀಟರ್ ಏರುತ್ತದೆ, ಆಳೆತ್ತರ ಮೀರುತ್ತದೆ. ಒಂದೇ ಹೆಣ್ಣು ಗಿಡ ಲಕ್ಷಗಟ್ಟಲೆ ಬೀಜ ಉದುರಿಸುತ್ತದೆ.

ಇದರ ಎದುರು ನಿಂತದ್ದು ಗ್ಲೈಫೋಸೇಟ್. 1974ರಲ್ಲಿ ರೌಂಡಪ್ ಹೆಸರಿನಲ್ಲಿ ಪೇಟೆಗೆ ಬಂದ ಕಳೆನಾಶಕ. ಅದು ಕೊಲ್ಲುವ ಬಗೆ ಬಹಳ ಸೊಗಸು. ಗಿಡದೊಳಗೆ ಇಪಿಎಸ್‌ಪಿಎಸ್ ಎಂಬ ಕಿಣ್ವವಿದೆ. ಮೂರು ಮುಖ್ಯ ಅಮೈನೋ ಆಮ್ಲಗಳ ತಯಾರಿಕೆ ಅದನ್ನೇ ನೆಚ್ಚಿದೆ. ಕೆಲಸ ನಡೆಯಬೇಕಾದರೆ ಒಂದು ನಿರ್ದಿಷ್ಟ ಅಣು ಬಂದು ಕಿಣ್ವದ ಸೀಟಿನಲ್ಲಿ ಕೂರಬೇಕು. ಗ್ಲೈಫೋಸೇಟ್ ಮಾಡುವುದಿಷ್ಟೇ: ಕಿಟಕಿಯಿಂದಲೇ ಆ ಸೀಟಿಗೆ ಟವೆಲ್ ಹಾಕಿಬಿಡುತ್ತದೆ! ಕೂರಬೇಕಾದವನಿಗೆ ಜಾಗವಿಲ್ಲ, ಅಮೈನೋ ಆಮ್ಲವಿಲ್ಲ, ಗಿಡ ಸೊರಗಿ ಸಾಯುತ್ತದೆ.

ಹಾಗಾದರೆ ಈ ದಂಟು ಬದುಕಿದ್ದು ಹೇಗೆ? ಟವೆಲ್ ನಿಲ್ಲದಂತೆ ಸೀಟಿನ ಆಕಾರವನ್ನೇ ತಿದ್ದಿಕೊಂಡಿರಬೇಕು ಎಂಬುದು ಸಹಜ ಊಹೆ. ಬೇರೆ ಕಳೆಗಳು ಹಾಗೆ ಮಾಡಿದ್ದೂ ಉಂಟು. ಪರೀಕ್ಷಿಸಿದರೆ ಸೀಟು ಇದ್ದ ಹಾಗೇ ಇದೆ! ವಿಷಕ್ಕೆ ಕಿಣ್ವ ಮೊದಲಿನಷ್ಟೇ ಸೋಲುತ್ತಿದೆ! ವಿಜ್ಞಾನಿ ಟಾಡ್ ಗೇನ್ಸ್ ಮತ್ತು ಸಂಗಡಿಗರು ಆ ಕಿಣ್ವದ ವಂಶವಾಹಿಯ ಪ್ರತಿಗಳನ್ನು ಎಣಿಸಿದರು. 2010ರಲ್ಲಿ ಪ್ರಕಟವಾದ ಲೆಕ್ಕ ನೋಡಿ: ಸಾಮಾನ್ಯ ಗಿಡಕ್ಕಿಂತ 5 ಪಟ್ಟಿನಿಂದ ಹಿಡಿದು 160 ಪಟ್ಟಿಗೂ ಹೆಚ್ಚು! ಪ್ರತಿ ಹೆಚ್ಚಿದಷ್ಟೂ ಕಿಣ್ವ ಹೆಚ್ಚು. ದಂಟು ಸೀಟು ಬದಲಿಸಲಿಲ್ಲ. ನೂರು ಬಸ್ ಬಿಟ್ಟಿತು. ಎಷ್ಟು ಟವೆಲ್ ಹಾಕುತ್ತೀರೋ ಹಾಕಿ, ಸೀಟು ಇನ್ನೂ ಉಳಿದಿದೆ!

ಅಚ್ಚರಿ ಇಲ್ಲಿಗೇ ಮುಗಿಯಲಿಲ್ಲ. ಅಷ್ಟೊಂದು ಪ್ರತಿಗಳು ಇರುವುದಾದರೂ ಎಲ್ಲಿ? ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದ ದಾಲ್-ಹೋ ಕೂ, ಬಿಕ್ರಮ್ ಗಿಲ್ ಮತ್ತು ಜೊತೆಗಾರರು ಆ ವಂಶವಾಹಿಗೆ ಹೊಳೆಯುವ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರು. ಮಿಣುಕು ಚುಕ್ಕೆಗಳು ಕಂಡವು. ಅವು ವರ್ಣತಂತುಗಳ ಒಳಗೆ ಹೆಣೆದುಕೊಂಡಿರಲಿಲ್ಲ. ಹೊರಗೆ, ಬಿಡಿಬಿಡಿ ಬಳೆಗಳಾಗಿದ್ದವು! 2018ರಲ್ಲಿ ಇದು ಪ್ರಕಟವಾಯಿತು. 2020ರ ಹೊತ್ತಿಗೆ ಒಂದು ಬಳೆಯ ಡಿಎನ್ಎ ಅಕ್ಷರಗಳನ್ನೆಲ್ಲ ಓದಿಯೂ ಆಯಿತು. ಸುಮಾರು ನಾಲ್ಕು ಲಕ್ಷ ಅಕ್ಷರ, 59 ವಂಶವಾಹಿ!

ಕೋಶ ಒಡೆದು ಎರಡಾಗುವಾಗ ಈ ಬಳೆಗಳ ಗತಿಯೇನು? ಹೊಲಕ್ಕೆ ಹೋಗಿ ಬಂದವರ ಪಂಚೆಯಂಚಿಗೆ ಉತ್ತರಾಣಿ ಅಂಟಿಕೊಂಡು ಮನೆಗೆ ಬರುವುದಿಲ್ಲವೆ? ಹಾಗೆಯೇ ವರ್ಣತಂತುಗಳಿಗೆ ಅಂಟಿಕೊಂಡು ಹೊಸ ಕೋಶಕ್ಕೆ ಹೋಗುತ್ತವೆ. (ಉತ್ತರಾಣಿಯೂ ದಂಟಿನ ಕುಟುಂಬದ್ದೇ!) ಸಮಪಾಲೆಂಬುದಿಲ್ಲ. ಒಂದು ಕೋಶಕ್ಕೆ ಕೆಲವು, ಪಕ್ಕದ ಕೋಶಕ್ಕೆ ಹಲವು. ಒಂದೇ ಗಿಡದ ಕೋಶಗಳಲ್ಲೇ ಲೆಕ್ಕ ಬೇರೆ ಬೇರೆ. ಮುಂದಿನ ಪೀಳಿಗೆಗೂ ಹೀಗೇ ಹಂಚಿಹೋಗುತ್ತವೆ. ಹೆಚ್ಚು ಬಳೆ ದಕ್ಕಿದ ಗಿಡವನ್ನು ಸಿಂಪಡಣೆಯೇ ಆರಿಸಿ ಉಳಿಸುತ್ತದೆ. ಮೈನವಿರೇಳಿಸುವ ಇನ್ನೊಂದು ಸಂಗತಿ: ಮನುಷ್ಯರ ಕ್ಯಾನ್ಸರ್ ಕೋಶಗಳಲ್ಲೂ ಇಂಥ ಡಿಎನ್ಎ ಬಳೆಗಳಿವೆ, ಔಷಧಿಯಿಂದ ತಪ್ಪಿಸಿಕೊಳ್ಳಲು ಅವೂ ನೆರವಾಗುತ್ತವೆ!

ಜಾರ್ಜಿಯಾದ ಹತ್ತಿ ಬೆಳೆಗಾರರು ಕೊನೆಗೆ ಆಳುಗಳನ್ನು ಇಳಿಸಿ ಕೈಯಲ್ಲೇ ಕಳೆ ಕೀಳಿಸಿದರು. ಬೇರುಸಮೇತ ಕಿತ್ತ ಮೇಲೆ ಎಷ್ಟು ಬಸ್ ಇದ್ದರೇನು, ಡಿಪೋನೇ ಹೋಯಿತಲ್ಲ ಅನ್ನುತ್ತೀರಾ? ಕಿತ್ತದ್ದನ್ನು ಹೊಲದಿಂದಾಚೆ ಹೊತ್ತು ಹಾಕಬೇಕು. ಸಾಲಿನಲ್ಲೇ ಬಿಟ್ಟರೆ, ಹಸಿ ಮಣ್ಣು ಸೋಕಿದಲ್ಲಿ ಈ ದಂಟು ಮತ್ತೆ ಬೇರು ಬಿಡುತ್ತದೆ!